ಮೂಲೆ ಮಣೆಯ ಗಿರಾಕಿ

ಮೀಸೆಯ ಮನುಷ್ಯ ಇವತ್ತೂ ಬಂದ. ಮೂಲೆಯ ಮಣೆಯ ಮೇಲೆ ಕೂತ. ಎಣ್ಣೆಗಾಯಿಯ ಬದನೆ ಬಿಡಿಸಿ ಮೂಸಿದ, ನಾಲಗೆಯ ತುದಿಗೆ ಹಚ್ಚಿಕೊಂಡು ಕಣ್ಣು ಮುಚ್ಚಿದ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಸಿದ್ದಲಿಂಗವ್ವನ ಕೈ ನಿಂತುಹೋಯಿತು.

"ಹೊಸಾ ಸರಕಾರದ ಮನಷ್ಯಾ ಇದ್ದಾನು," ಎಂದು ಪಕ್ಕದ ಬಳೆಯಂಗಡಿಯ ಖಾತುನಬಿ ಕಿವಿಯಲ್ಲಿ ಊದಿದಳು. ಏಕೀಕರಣವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ರೋಣದಲ್ಲಿ ಗುರುತಿಲ್ಲದವರೆಲ್ಲ ಸರಕಾರದವರೇ.

ಸಿದ್ದಲಿಂಗವ್ವನಿಗೆ ಸರಕಾರದ ಹೆದರಿಕೆಯಿರಲಿಲ್ಲ, ಗುಟ್ಟು ರಟ್ಟಾಗುವ ಹೆದರಿಕೆ. ಆಕೆಗೆ ಅಡುಗೆ ಬರುತ್ತಿರಲಿಲ್ಲ. ಹಾಗೆಂದು ಅತ್ತೆ ಬಾಳವ್ವ ಸಾಯುವ ತನಕ ಹೇಳಿದ್ದಳು: "ನಿನ್ನ ಸಾರು ಎಮ್ಮಿ ಮೈ ತೊಳ್ಯಾಕ ಅಡ್ಡಿಯಿಲ್ಲ." ಗಂಡ ಹೋದ ಮೇಲೆ ಹೊಟ್ಟೆಪಾಡಿಗೆ ಬಸ್ಸು ನಿಲ್ಲುವ ಕಡೆ ಖಾನಾವಳಿ ಇಟ್ಟಳು. ಪಂಕ್ತಿಯ ಮೇಲೆ ಪಂಕ್ತಿ ಕೂತು ಉಂಡರೂ ಆಕೆ ನಂಬಲಿಲ್ಲ. ಗದಗಿನಿಂದ ಧೂಳು ಕುಡಿಯುತ್ತ ಬಂದವರು. ಮಣ್ಣು ಬಡಿಸಿದರೂ ಚಲೋ ಅಂತಾರೆ. ರುಚಿ ಬಲ್ಲ ನಾಲಗೆಯೊಂದು ಬಂದರೆ ತನ್ನ ಬಂಡವಾಳ ಬಯಲು.

ಆ ನಾಲಗೆ ಈಗ ಮೂಲೆಯಲ್ಲಿ ಕೂತಿತ್ತು.

ಪಂಕ್ತಿ ಎದ್ದುಹೋಯಿತು. ಅವನು ಮಾತ್ರ ಅಡುಗೆಮನೆಯ ಬಾಗಿಲಿಗೆ ಬಂದು ಇಣುಕಿದ. "ಅವ್ವಾರ, ಈ ಮಸಾಲಿ ಯಾರು ಕುಟ್ಟತಾರ್ರಿ?"

ಸಿದ್ದಲಿಂಗವ್ವನಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ. "ನಾನಽ ಕುಟ್ಟತೀನ್ರಿ. ಹೌದು, ನನಗ ಅಡಿಗಿ ಬರೂದಿಲ್ಲ. ಯಾರಿಗೆ ಹೇಳತೀರಿ ಹೇಳ್ರಿ. ನಾಳೆ ಬಾಗಲಾ ಹಾಕತೀನಿ."

ಅವನ ಮುಖ ಬಿಳುಚಿತು. "ಹಂಗ ಅನಬ್ಯಾಡ್ರಿ! ನೀವು ಬಾಗಲಾ ಹಾಕಿದ್ರ ನಾನೂ ಹಾಕಬೇಕಾಕ್ಕೈತಿ. ನಾನು ಈಶಪ್ಪ, ನರಗುಂದದಾಗ ಖಾನಾವಳಿ ಇಟ್ಟೀನಿ. ಉಂಡವ್ರೆಲ್ಲಾ 'ಇದು ರೋಣದ ರುಚಿ ಅಲ್ಲೋ ತಮ್ಮಾ' ಅಂತ ಮಾರಿ ಕಿವುಚತಾರ. ನಿಮ್ಮ ಕಡೆ ಕಲ್ಯಾಕ ಬಂದೀನ್ರಿ."

ನರಗುಂದದಿಂದ ಇಲ್ಲಿಯ ತನಕ, ತನ್ನ ಎಣ್ಣೆಗಾಯಿಗಾಗಿ? ಸಿದ್ದಲಿಂಗವ್ವನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಗುರೆಳ್ಳು ಹುರದು ಹಾಕತೀರೋ, ಹಸೀದೋ?"

"ಹಸೀದ್ರಿ."

"ಅದಕ್ಕಽ! ಅದನ್ನ ಎಮ್ಮೀನೂ ಮೂಸೂದಿಲ್ಲ."

ಅತ್ತೆಯ ದನಿ ತನ್ನ ಬಾಯಲ್ಲಿ ಬಂದದ್ದು ಕೇಳಿ ಆಕೆಗೇ ನಗು ಬಂತು. ಸಂಜೆಯ ತನಕ ಕಲಿಸಿದಳು, ಬೈದಳು, ಮತ್ತೆ ಕಲಿಸಿದಳು. ಇಷ್ಟೆಲ್ಲ ತನಗೆ ಗೊತ್ತಿದೆಯೆಂಬುದು ಹೇಳುತ್ತ ಹೇಳುತ್ತಲೇ ಆಕೆಗೆ ಗೊತ್ತಾಯಿತು.

ಈಶಪ್ಪ ಹೊರಟು ನಿಂತಾಗ ಏನೋ ಹೊಳೆದು ಕೇಳಿದಳು: "ಅಲ್ರೀ, ಖಾನಾವಳಿ ನಿಮ್ಮದು, ಊರು ನರಗುಂದ. ಅಲ್ಲಿ ಮಂದಿ ರೋಣದ ರುಚಿ ಯಾಕ ಕೇಳತಾರ?"

ಈಶಪ್ಪ ಮೀಸೆಯೊಳಗೇ ನಾಚಿದ.

"ಬೋರ್ಡಿನ ಮ್ಯಾಲ 'ರೋಣದ ಸಿದ್ದಲಿಂಗವ್ವನ ಖಾನಾವಳಿ' ಅಂತ ಬರಸೀನ್ರಿ, ಅವ್ವಾರು ಎಲ್ಲಿ ಅಂದವ್ರಿಗೆ, ತವರಿಗೆ ಹೋಗ್ಯಾರ, ಇವತ್ತ ನಾಳೆ ಬರ್ತಾರ ಅಂತ ಹೇಳಕೋತ ವರ್ಷಾತ್ರಿ."