ಮೀನಿಗೆ ಅಮ್ಮ ಬಂದಾಗ

“ನನ್ನ ಸುಣ್ಣದ ಡಬ್ಬಿ ಯಾರು ಖಾಲಿ ಮಾಡಾಕತ್ತೀರಿ? ಎಲಿ ಅಡಿಕಿ ಹಾಕಾಕಿ ಈ ಮನ್ಯಾಗ ನಾನೊಬ್ಬಾಕಿ.”

ಅಜ್ಜಿ ಬಂಡೆಮ್ಮನ ಮಾತಿಗೆ ಜಂಬಮ್ಮ ತಲೆ ಎತ್ತಲಿಲ್ಲ. ಅಕ್ಕಿ ಆರಿಸುತ್ತಲೇ ಇದ್ದಳು. ಅಪ್ಪ ಹನುಮಂತ್ರಾಯನೂ ಎತ್ತಲಿಲ್ಲ. ಅವನು ಭೂತಗನ್ನಡಿ ಹಿಡಿದು ಮೀನು ನೋಡುತ್ತಿದ್ದ.

ಹನುಮಂತ್ರಾಯ ರಾಯಚೂರಿನಲ್ಲಿ ರೈಲ್ವೆ ಗಾರ್ಡ್. ಅವನಿಗೆ ಸಮುದ್ರದ ಮೀನಿನ ಹುಚ್ಚು. ಮುಂಬಯಿಯಿಂದ ಗಾರ್ಡಿನಿಂದ ಗಾರ್ಡಿಗೆ ಕೈ ಬದಲಾಗುತ್ತ, ಹಾಲಿನ ಕ್ಯಾನಿನಲ್ಲಿ ಮೀನು ಬರುತ್ತಿತ್ತು. ಬಂದದ್ದನ್ನು ಇಪ್ಪತ್ತೊಂದು ದಿನ ಬಾಗಿಲೆದುರಿನ ಸಣ್ಣ ಗಾಜಿನ ತೊಟ್ಟಿಯಲ್ಲಿ, ಉಪ್ಪುನೀರು ಕಲಸಿ, ಬೇರೆ ಇಡುತ್ತಿದ್ದ. ರೋಗವಿಲ್ಲವೆಂದು ಖಾತ್ರಿಯಾದ ಮೇಲೆಯೇ ದೊಡ್ಡ ತೊಟ್ಟಿಗೆ ಪ್ರವೇಶ.

ಈ ಸಲದ ಕಿತ್ತಳೆ ಬಣ್ಣದ ಮೀನಿಗೆ ನಾಲ್ಕನೆಯ ದಿನವೇ ಮೈತುಂಬ ರವೆಯಂಥ ಬಿಳಿಚುಕ್ಕಿ ಎದ್ದಿತ್ತು.

“ಹುಳ ಇವು,” ಎಂದು ಅಪ್ಪ ಮೈಲುತುತ್ತದ ನೀರನ್ನು ಹನಿ ಎಣಿಸಿ ಹಾಕಿದ್ದ. “ಮೈ ಬಿಟ್ಟು ತಳಕ್ಕ ಬೀಳ್ತಾವ, ಅಲ್ಲೇ ಮರಿ ಆಗಿ ಮತ್ತ ಮೀನಿಗೇ ಹತ್ತತಾವ. ಹೋದ್ವು ಅಂತ ನಂಬಬಾರದು.”

ಅದೇ ದಿನ ಮಾನ್ವಿಯಿಂದ ಅವನ ಅಕ್ಕ ಮಾಳಮ್ಮ ಸಂಬಂಧ ತಂದಿದ್ದಳು. ಸಿರವಾರದ ರೈಸ್ ಮಿಲ್ಲಿನವನು, ಎರಡನೆಯ ಮದುವೆ. ಜಂಬಮ್ಮನಿಗಿಂತ ಅವನ ಮೀಸೆಗೇ ವಯಸ್ಸು ಹೆಚ್ಚು. ಆದರೆ ಹನುಮಂತ್ರಾಯನನ್ನು ಹೆಗಲ ಮೇಲೆ ಹೊತ್ತು ಸಾಲೆಗೆ ಬಿಟ್ಟವಳು ಮಾಳಮ್ಮ.

“ಅಕ್ಕ, ನಿನ್ನ ಮಾತಿಗೆ ನಾ ಎಂದಾದ್ರೂ ಒಲ್ಲೆ ಅಂದೀನೇನು?” ಎಂದಿದ್ದ ಅವನು.

ಅಷ್ಟರಲ್ಲಿ ಹೊಸ್ತಿಲಲ್ಲಿದ್ದ ಮಾಳಮ್ಮನ ಕಣ್ಣು ಮೀನಿನ ಮೇಲೆ ಬಿತ್ತು. ಎರಡೂ ಗಲ್ಲ ಬಡಿದುಕೊಂಡಳು. “ಯವ್ವಾ, ಮನಿಗೆ ಅಮ್ಮ ಬಂದಾಳ. ಆಕಿ ಹೋಗೂತನ ಹೆಣ್ಣು ನೋಡೋ ಮಾತು ಎತ್ತಬ್ಯಾಡ್ರಿ.” ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿಸಿ ಬಂದ ಬಸ್ಸಿಗೇ ಹೋದಳು.

ಮೀನು ಬದುಕಬೇಕು, ಅಮ್ಮ ಮಾತ್ರ ಹೋಗಬಾರದು. ಜಂಬಮ್ಮ ಬೇಡಿಕೊಂಡದ್ದು ಇಷ್ಟೇ.

ಒಂಬತ್ತನೆಯ ದಿನ ಮೀನಿನ ಮೈ ಥಳಥಳ ಅಂದಿತು. ಮೊದಲು ನೋಡಿದವಳು ಅವಳೇ. ನಾಲ್ಕನೆಯ ಇಯತ್ತೆಗೇ ಸಾಲೆ ಬಿಟ್ಟವಳಾದರೂ ಏಳರವರೆಗೆ ಎಣಿಸಲು ಬರುತ್ತಿತ್ತು. ಮೀನು ಸದಾ ನಿಲ್ಲುವ ಮೂಲೆಯಲ್ಲಿ, ಗಾಜಿನ ಹೊರಗೆ, ಕಿರುಬೆರಳಿನಿಂದ ಏಳು ಚುಕ್ಕಿ ಸುಣ್ಣ ಇಟ್ಟಳು.

ಪ್ರತಿ ಸೋಮವಾರ ಮಾಳಮ್ಮ ಬರುತ್ತಿದ್ದಳು. ಬೇವು ದಾಟುತ್ತಿರಲಿಲ್ಲ, ಹೊಸ್ತಿಲ ಆಚೆಯಿಂದಲೇ ಇಣುಕುತ್ತಿದ್ದಳು.

“ಹೋದ ವಾರಕ್ಕಿಂತ ಹೆಚ್ಚಾಗ್ಯಾವಲ್ಲೋ?” ಎಂದಳು ಇವತ್ತು.

ಅತ್ತೆಗೆ ಕಣ್ಣು ಮಂದವಾಗಿರಬೇಕು ಎಂದುಕೊಂಡಳು ಜಂಬಮ್ಮ. ಅವಳಿಗೆ ಭಯವಿದ್ದದ್ದು ಅಪ್ಪನ ಭೂತಗನ್ನಡಿಯದು. ಅವನು ಗಾಜಿಗೆ ಮೂಗು ತಾಗಿಸಿ ಬಹಳ ಹೊತ್ತು ನೋಡಿದ. ಅಕ್ಕಿ ಆರಿಸುತ್ತಿದ್ದ ಜಂಬಮ್ಮನ ಕೈ ಮೊರದಲ್ಲೇ ನಿಂತಿತು.

“ಇನ್ನೂ ಅದಾವಕ್ಕ,” ಎಂದ ಅಪ್ಪ. “ಮತ್ತ ಒಂದರಿಂದ ಇಪ್ಪತ್ತೊಂದು ದಿನ ಎಣಸಬೇಕು.”

“ನಿನ್ನ ಬೆರಳಿಗೇನಾತೋ, ಹಿಂಗ ಬಿರುಕು ಬಿಟ್ಟದ?” ಎಂದಳು ಅಜ್ಜಿ, ಮಗನ ಕೈ ನೋಡಿ.

“ಉಪ್ಪುನೀರವ್ವ.”

ಮತ್ತೆರಡು ಸೋಮವಾರ ಕಳೆದವು. ಮೂರನೆಯದಕ್ಕೆ ಮಾಳಮ್ಮ ಮೀನಿನತ್ತ ನೋಡಲೇ ಇಲ್ಲ. “ಸಿರವಾರದವರು ದೇವದುರ್ಗದಾಗ ಹೆಣ್ಣು ಗೊತ್ತು ಮಾಡಿಕೊಂಡ್ರು. ಇನ್ನ ಮೀನಿಗೇ ಬಾಸಿಂಗ ಕಟ್ಟಿ ಕುಂದ್ರಸ್ರಿ,” ಎಂದು ಹೊರಟುಹೋದಳು.

ಅಪ್ಪ ಬಾಗಿಲ ಬೇವು ಬಿಚ್ಚತೊಡಗಿದ. ಅವನು ತಿರುಗುವುದರೊಳಗೆ ಜಂಬಮ್ಮ ಒದ್ದೆ ಬಟ್ಟೆಯಿಂದ ಗಾಜು ಒರೆಸಿದಳು. ಒಂದು, ಎರಡು... ಏಳು. ಕೈ ನಿಂತಿತು. ಸ್ವಲ್ಪ ಮೇಲೆ, ದಪ್ಪ ಬೆರಳಿನಲ್ಲಿ ಇಟ್ಟಂಥವು, ಇನ್ನೂ ನಾಲ್ಕಿದ್ದವು.

“ಆ ನಾಕು ಬಿಡವ್ವ,” ಬೇವಿನ ಸೊಪ್ಪು ಹಿಡಿದು ಹಿಂದೆಯೇ ನಿಂತಿದ್ದ ಅಪ್ಪ ಮೆಲ್ಲಗೆ ಹೇಳಿದ, “ಅವನ್ನ ನಾ ಒರಸ್ತೀನಿ.”