ಎರಡು ಸೇರು

"ಶಿಶು ಎಷ್ಟ್ ಸೇರ್ ಇತ್ತ್?"

ವಂಡ್ಸೆಯಿಂದ ಅಮ್ಮಮ್ಮ ಫೋನಿನಲ್ಲಿ ಕೇಳಿದ್ದು ಇಷ್ಟೇ. ಹೆಣ್ಣೋ ಗಂಡೋ ಎಂದೂ ಕೇಳಲಿಲ್ಲ.

ನಿಶ್ಮಿತಾ ಕುಂದಾಪುರದ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದಳು. ಅಕ್ಕ ಶರಣ್ಯಾಳಿಗೆ ತಿಂಗಳು ತುಂಬುವ ಮೊದಲೇ ಹೆರಿಗೆಯಾಗಿತ್ತು. ಮಗು ಒಂದು ಕಿಲೋ ಒಂಬೈನೂರು ಗ್ರಾಂ. ಸಣ್ಣದು, ಆದರೆ ಹೆದರಬೇಕಾದ್ದೇನಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಕ್ಕಿ, ಸಕ್ಕರೆಯನ್ನೆಲ್ಲ ಕಿಲೋ ಲೆಕ್ಕದಲ್ಲೇ ಕೊಳ್ಳುವ ಅಮ್ಮಮ್ಮ ಮಗುವಿಗೆ ಮಾತ್ರ ಸೇರು ಕೇಳಿದ್ದೇಕೆಂದು ಅವಳಿಗೆ ಹೊಳೆಯಲಿಲ್ಲ. ಕೇಳಿದ ಲೆಕ್ಕದಲ್ಲೇ ಹೇಳಿದರೆ ಮುದುಕಿಗೆ ಸಮಾಧಾನವಾದೀತೆಂದು ಮೊಬೈಲಿನಲ್ಲಿ ಹುಡುಕಿದಳು. ಒಂದು ಸೇರಿಗೆ ಒಂಬೈನೂರ ಮೂವತ್ತಮೂರು ಗ್ರಾಂ ಎಂದಿತ್ತು. ಎರಡು ಸೇರು ಎಂದು ಹೇಳಿದಳು. ಫೋನು ಕಟ್ಟಾಯಿತು.

ಮಧ್ಯಾಹ್ನದ ಬಸ್ಸಿಗೆ ಅಮ್ಮಮ್ಮ ಬಂದೇಬಿಟ್ಟರು. ಬಾಣಂತಿಗೆಂದು ಏನನ್ನೂ ತಂದಿರಲಿಲ್ಲ. ಶರಣ್ಯಾಳಿಗೆ ಜೋರು ನಿದ್ದೆ. ಮಗು ಅವಳ ಎದೆಗಂಟಿಕೊಂಡು ಮಲಗಿತ್ತು. ಅಮ್ಮಮ್ಮ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬಂದು, ಬಗ್ಗಿ, ಮಗುವಿನ ಕಿವಿಯಲ್ಲಿ ಏನೋ ಹೇಳಿದರು.

ನಿಶ್ಮಿತಾ ಅವರನ್ನು ಕಿಟಕಿಯ ಬಳಿಗೆ ಕರೆದು, ಹೇಳಿದ್ದೇನೆಂದು ಕೇಳಿದಳು.

"ಹೆಸ್ರ್," ಎಂದರು ಅಮ್ಮಮ್ಮ, ಮಲಗಿದವಳಿಗೆ ಕೇಳಿಸದಂತೆ. "ಎರಡ್ ಸೇರಿನ್ ಶಿಶು ತೊಟ್ಲಿಗ್ ಹಾಕು ದಿವ್ಸದ್ ತನಕ ನಿಲ್ತಿಲ್ಲೆ. ನನ್ ಮೊದಲಿಂದೂ ನಿಂತಿಲ್ಲೆ. ಅದ್ ಹೆಸ್ರಿಲ್ದೇ ಹೋಯ್ತ್."

ಹೀಗೊಂದು ಮಗು ಇದ್ದದ್ದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅನುಮಾನ ಬಂದು ನಿಶ್ಮಿತಾ, ನಿನ್ನ ಸೇರೆಂದರೆ ಎಷ್ಟು ಎಂದು ಕೇಳಿದಳು. ಇಪ್ಪತ್ತನಾಲ್ಕು ತೊಲ, ಮತ್ತೆಷ್ಟು ಎಂದರು ಅವರು. ಅವಳು ಪುನಃ ಮೊಬೈಲು ತೆಗೆದಳು. ಬೆಳಿಗ್ಗೆ ತಾನು ನೋಡಿದ್ದು ಎಂಬತ್ತು ತೊಲದ ಸೇರು, ಯಾವುದೋ ದೂರದೂರಿನದು. ಊರಿನ ಸೇರು ಮುನ್ನೂರು ಗ್ರಾಮೂ ಇರಲಿಲ್ಲ. ಲೆಕ್ಕವನ್ನು ಎರಡು ಸಲ ಮಾಡಿ ನೋಡಿದಳು.

"ಅಮ್ಮಮ್ಮ, ನಾ ತಪ್ಪ್ ಹೇಳ್ದೆ. ನಿನ್ ಲೆಕ್ಕದಗೆ ಏಳ್ ಸೇರಿಗ್ ಹತ್ರ ಇತ್ತ್."

ಅಮ್ಮಮ್ಮ ನಂಬಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಹೋಗಿ ಮಗುವನ್ನು ಮೆಲ್ಲನೆ ಎತ್ತಿದರು. ಕಣ್ಣು ಮುಚ್ಚಿ, ಅಂಗೈಗಳನ್ನು ಒಮ್ಮೆ ತುಸು ಮೇಲಕ್ಕೆ, ಒಮ್ಮೆ ತುಸು ಕೆಳಕ್ಕೆ ಮಾಡಿ ನೋಡಿದರು. ಮಗು ಸಿಟ್ಟಿನಿಂದ ಕಿರುಚಿತು. ಅಮ್ಮಮ್ಮ ಅಲ್ಲೇ ಸ್ಟೂಲಿನ ಮೇಲೆ ಕೂತು, ಅದು ಅಳುವಷ್ಟು ಹೊತ್ತೂ ಕೇಳುತ್ತಾ ಇದ್ದರು.

ಅಳು ನಿಂತ ಮೇಲೆ ನಿಶ್ಮಿತಾ ಪಿಸುಗುಟ್ಟಿದಳು: "ಎಂತ ಹೆಸ್ರಿಟ್ಟೆ ಅಮ್ಮಮ್ಮ?"

"ತೊಟ್ಲಿಗ್ ಹಾಕು ದಿವ್ಸ ಹೇಳ್ತೆ," ಎಂದರು ಅಮ್ಮಮ್ಮ. "ಈಗ ಎಂತಕೆ ಗಡಿಬಿಡಿ?"