ಅಜ್ಜನ ಎಲೆಗೆ ಇಟ್ಟ ಸಿಗಾರ್

ಮಣಿಪಾಲದ ಫ್ಲ್ಯಾಟಿನಲ್ಲಿ ಭಾನುವಾರಕ್ಕೊಂದು ಕ್ಯೂಬಾ ಸಿಗಾರ್ ಸೇದುತ್ತೇನೆ. ಮೊದಲ ಹೊಗೆಗೇ ಹಿರಿಯಡ್ಕದ ಅಜ್ಜಿಮನೆಯ ಆ ಮಧ್ಯಾಹ್ನ ಎದುರು ಬಂದು ನಿಲ್ಲುತ್ತದೆ.

ತೀರಿಹೋದ ಅಜ್ಜನಿಗೆ ವರ್ಷಕ್ಕೊಮ್ಮೆ ಬಡಿಸುವ ಅಗೆಲು ಅಂದು. ಬಾಳೆಲೆಯಲ್ಲಿ ಅನ್ನ, ಕೋಳಿ ಸಾರು. ಪಕ್ಕದಲ್ಲಿ ಪ್ರತಿವರ್ಷ ಬೀಡಿ ಇಡುತ್ತಿದ್ದರು. ಆ ಸಲ ದುಬೈಯಿಂದ ಬಂದ ಮಾವ ದೊಡ್ಡಸ್ತಿಕೆಗೆ ಸಿಗಾರ್ ಇಟ್ಟರು. ಅದು ನನ್ನ ಹೆಬ್ಬೆರಳಿಗಿಂತ ದಪ್ಪವಿತ್ತು, ಮುಟ್ಟಿದರೆ ಒಣ ಎಲೆಯ ನರಗಳು ಬೆರಳಿಗೆ ತಾಗುತ್ತಿದ್ದವು. ಅಜ್ಜ ಉಣ್ಣಲೆಂದು ಕೋಣೆಯ ಬಾಗಿಲು ಮುಚ್ಚಿ ನಾವೆಲ್ಲ ಚಾವಡಿಯಲ್ಲಿ ಕುಳಿತೆವು.

ಮಾವ ಜೇಬು ಮುಟ್ಟಿ ನೋಡಿಕೊಂಡರು. "ಅಮ್ಮಾ, ಅದರ ತುದಿ ಕತ್ತರಿಸಲಿಕ್ಕೆ ಮರೆತೆ. ಹಾಗೇ ಸೇದಿದರೆ ಹೊಗೆ ಬರುವುದಿಲ್ಲ."

"ಈಗ ಬಾಗಿಲು ತೆಗೆಯಲಿಕ್ಕಿಲ್ಲ," ಎಂದರು ಅಜ್ಜಿ.

ಸ್ವಲ್ಪ ಹೊತ್ತಿನ ಮೇಲೆ ಅಜ್ಜಿಯೇ ಮೂರು ಸಲ ತಟ್ಟಿ ಬಾಗಿಲು ತೆರೆದರು. ದೀಪ ಉರಿಯುತ್ತಿತ್ತು, ಅನ್ನ ಬಡಿಸಿದಂತೆಯೇ ಇತ್ತು. ಸಿಗಾರಿನ ತುದಿ ಮಾತ್ರ ಇರಲಿಲ್ಲ. ಆ ಜಾಗ ಒದ್ದೆಯಾಗಿತ್ತು.

ಮಾವ ಜೇಬಿನಿಂದ ಸಿಗಾರಿನ ಪುಟ್ಟ ಕತ್ತರಿ ತೆಗೆದು ಎಲೆಯ ಪಕ್ಕ ಇಡಲು ಬಗ್ಗಿದರು.

"ಅದು ಎಂತಕ್ಕೆ ಮಗಾ?" ಅಜ್ಜಿ ಮೆಲ್ಲನೆ ಹೇಳಿದರು. "ಅವರಿಗೆ ಹಲ್ಲು ಉಂಟಲ್ಲ."